ನಾನು ಕೂಗಾಡುವವನಲ್ಲ, ಆದರೆ ಯಾವುದನ್ನೂ ಮರೆಯುವವನೂ ಅಲ್ಲ. ಈ ಸ್ವಭಾವಕ್ಕೂ ಹಾರ್ಟ್ ಅಟ್ಯಾಕ್‌ಗೂ ಸಂಬಂಧ ಇದೆಯಾ?

ಲೆಕ್ಕದಮನುಷ್ಯ (ಪ್ರಶ್ನೆ ಕೇಳಿದವರು):

ಎಲ್ಲರಿಗೂ ನಮಸ್ಕಾರ. ನನಗೆ 51 ವರ್ಷ. ಹದಿನಾಲ್ಕು ವಾರಗಳ ಹಿಂದೆ ಹಾರ್ಟ್ ಅಟ್ಯಾಕ್ ಆಯಿತು. ಎಡಗಡೆ ಮುಂಭಾಗದ ರಕ್ತನಾಳದಲ್ಲಿ ಬ್ಲಾಕ್ ಇತ್ತು, ಒಂದು ಸ್ಟೆಂಟ್ ಹಾಕಿದರು. ಈಗ ದಿನಾ ನಲವತ್ತು ನಿಮಿಷ ನಡೆಯುತ್ತೇನೆ. ಕೆಲಸಕ್ಕೂ ಹೋಗುತ್ತಿದ್ದೇನೆ. ನಾನು ಕೇಳಬೇಕು ಅಂತಿರುವುದು ಬೇರೆ ವಿಷಯ.

ಡಿಸ್ಚಾರ್ಜ್ ಮಾಡುವ ದಿನ ಡಾಕ್ಟರ್ ಒಂದೊಂದಾಗಿ ಕೇಳುತ್ತಾ ಹೋದರು. ಸಿಗರೇಟು? ಇಲ್ಲ. ಕುಡಿತ? ಇಲ್ಲ. ಶುಗರ್? ಇಲ್ಲ. ಬಿಪಿ ಗಡಿಯಲ್ಲಿತ್ತು. ಎಲ್‌ಡಿಎಲ್ ಕೊಲೆಸ್ಟ್ರಾಲ್ 148 ಇತ್ತು. ಆಮೇಲೆ "ಕೋಪ ಜಾಸ್ತಿಯಾ?" ಅಂದರು. ಇಲ್ಲ ಡಾಕ್ಟ್ರೇ, ನಾನು ಯಾರ ಮೇಲೂ ಕೂಗಾಡುವವನಲ್ಲ ಅಂದೆ. ಸುಳ್ಳು ಹೇಳಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ದನಿ ಏರಿಸಿದ್ದು ಬೆರಳೆಣಿಕೆಯಷ್ಟು ಸಲ. ಪಕ್ಕದಲ್ಲಿದ್ದ ನನ್ನ ಹೆಂಡತಿ ಏನೂ ಹೇಳಲಿಲ್ಲ. ಕಿಟಕಿ ಕಡೆ ನೋಡಿದಳು.

ಮನೆಗೆ ಬಂದ ಮೇಲೆ ಹೇಳಿದಳು. "ನೀವು ಕೂಗಾಡಲ್ಲ, ನಿಜ. ಆದರೆ ನಿಮ್ಮ ತಲೆಯೊಳಗೆ ಯಾವಾಗಲೂ ಒಂದು ಕೋರ್ಟು ನಡೀತಾ ಇರುತ್ತೆ. ಎಲ್ಲರ ಮೇಲೂ ಕೇಸು. ನನ್ನ ಮೇಲೂ ಇದೆ, ನನಗೆ ಗೊತ್ತು."

ನನ್ನ ಫೋನಿನಲ್ಲಿ ಒಂದು ನೋಟ್ ಇದೆ. ಅದರ ಹೆಸರು 'ನೆನಪಿರಲಿ'. ಹನ್ನೊಂದು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಆಗ ಮನೆ ಪಾಲಿನ ವಿಷಯಕ್ಕೆ ಅಣ್ಣ ಆಡಿದ ಒಂದು ಮಾತು ಮರೆಯಬಾರದು ಅಂತ ಬರೆದಿಟ್ಟುಕೊಂಡೆ. ಅಲ್ಲಿಂದ ಶುರು. ಈಗ ಅದರಲ್ಲಿ 214 ಸಾಲು ಇವೆ. ತಾರೀಖು, ಯಾರು, ಏನು ಮಾಡಿದರು. ಮೀಟಿಂಗಿನಲ್ಲಿ ನನ್ನ ಹೆಸರು ಬಿಟ್ಟು ಮಾತಾಡಿದವರು. ಎದುರು ಸಿಕ್ಕರೂ ಮುಖ ತಿರುಗಿಸಿದವರು. ನನ್ನ ಜಾಗದಲ್ಲಿ ಮೂರು ಸಲ ಕಾರು ನಿಲ್ಲಿಸಿದವರು. ಐಸಿಯುನಿಂದ ವಾರ್ಡಿಗೆ ಬಂದ ಮೊದಲ ರಾತ್ರಿಯೂ ಎರಡು ಸಾಲು ಸೇರಿಸಿದ್ದೇನೆ. ನೋಡಲು ಬಾರದ ಇಬ್ಬರ ಹೆಸರು. ಬಲಗೈಗೆ ಡ್ರಿಪ್ ಹಾಕಿದ್ದರು, ಎಡಗೈ ಹೆಬ್ಬೆರಳಿನಲ್ಲಿ ಟೈಪ್ ಮಾಡಿದೆ.

ಹೆಂಡತಿ ಹೇಳಿದ್ದನ್ನು ನಾನು ಮೊದಲು ಒಪ್ಪಲಿಲ್ಲ. ಮೂರು ವಾರದ ಹಿಂದೆ ಒಂದು ಬೆಳಗ್ಗೆ ಬಿಪಿ ನೋಡಿಕೊಳ್ಳಲು ಕೂತಿದ್ದೆ. 126/80 ಬಂತು. ಪಟ್ಟಿ ಇನ್ನೂ ತೋಳಿನಲ್ಲೇ ಇತ್ತು. ಅಣ್ಣನ ಮೆಸೇಜ್ ಬಂತು. "ಹೇಗಿದ್ದೀಯ? ಔಷಧಿ ಸರಿಯಾಗಿ ತಗೋ." ಅಷ್ಟೇ. ನನಗೆ ಮೊದಲು ಹೊಳೆದದ್ದು, ಇವನಿಗೆ ಏನೋ ಬೇಕಾಗಿದೆ, ಅದಕ್ಕೇ ಈಗ ಈ ಕಾಳಜಿ ಅಂತ. ಸುಮ್ನೆ ಮತ್ತೆ ಬಟನ್ ಒತ್ತಿದೆ. 149/93. ಐದು ನಿಮಿಷ ಬಿಟ್ಟು ನೋಡಿದೆ, 144/90. ನಾನು ಕುರ್ಚಿಯಿಂದ ಎದ್ದಿರಲಿಲ್ಲ. ಬಾಯಿ ಬಿಟ್ಟು ಒಂದು ಮಾತೂ ಆಡಿರಲಿಲ್ಲ. ದವಡೆ ಮಾತ್ರ ಕಚ್ಚಿಕೊಂಡಿತ್ತು, ಕಿವಿ ಹತ್ತಿರ ನೋಯತೊಡಗಿದಾಗಲೇ ಅದು ಗೊತ್ತಾಗಿದ್ದು.

ನಾನು ಆಡಿಟ್ ಕೆಲಸದಲ್ಲಿರುವವನು. ಬೇರೆಯವರ ಲೆಕ್ಕದಲ್ಲಿ ಹುಳುಕು ಹುಡುಕುವುದೇ ನನ್ನ ಸಂಬಳ. ಅನುಮಾನ ಇಲ್ಲದೆ ಆ ಕೆಲಸ ಆಗುವುದಿಲ್ಲ. ಹಾಗಾಗಿ ಇದು ಹುಟ್ಟುಗುಣವೋ ಕೆಲಸದಿಂದ ಅಂಟಿಕೊಂಡದ್ದೋ ನನಗೆ ತಿಳಿಯದು.

ತಿಳಿದವರು ಇದ್ದರೆ ಹೇಳಿ. ಇಂಥ ಸ್ವಭಾವದಿಂದ ನಿಜವಾಗಿ ಹೃದಯಕ್ಕೆ ತೊಂದರೆ ಆಗುತ್ತದಾ, ಅಥವಾ ಇದು ಸುಮ್ನೆ ಜನ ಆಡುವ ಮಾತಾ? ಆಗುತ್ತದೆ ಅಂದರೆ ಮನಸ್ಸಿನಲ್ಲಿರುವ ಹಗೆ ರಕ್ತನಾಳದವರೆಗೆ ಹೋಗುವುದು ಹೇಗೆ? ಇನ್ನೊಂದು, 51ಕ್ಕೆ ಇದು ಬದಲಾಗುತ್ತದಾ?

ವಾರ್ಡ್‌ಸಿಸ್ಟರ್:

ಸರ್, ನಾನು ಹತ್ತೊಂಬತ್ತು ವರ್ಷದಿಂದ ಹೃದ್ರೋಗಿಗಳ ಜೊತೆ ಕೆಲಸ ಮಾಡುತ್ತಿರುವ ನರ್ಸ್. ಕೊನೆಯ ಎಂಟು ವರ್ಷ ರಿಹ್ಯಾಬ್‌ನಲ್ಲಿ, ಅಂದರೆ ಹಾರ್ಟ್ ಅಟ್ಯಾಕ್ ಆದವರನ್ನು ಮತ್ತೆ ನಡೆಸುವ, ಓಡಾಡಿಸುವ ಕಡೆ. ನಿಮ್ಮ ಹಾಗೆ "ನನಗೆ ಕೋಪ ಇಲ್ಲ" ಅನ್ನುವವರನ್ನು ತುಂಬಾ ನೋಡಿದ್ದೇನೆ. ಸುಳ್ಳು ಹೇಳುತ್ತಾರೆ ಅಂತಲ್ಲ. ನಾವು ಕೇಳುವ ಪ್ರಶ್ನೆಯೇ ಸರಿ ಇಲ್ಲ.

ಕೋಪ ಬೇರೆ, ಹಗೆತನ ಬೇರೆ. ಕೋಪ ಉಕ್ಕುತ್ತದೆ, ಇಳಿಯುತ್ತದೆ. ಹಗೆತನ ಬೂದಿ ಮುಚ್ಚಿದ ಕೆಂಡ. ಮನಶ್ಶಾಸ್ತ್ರದವರು ಇದರಲ್ಲಿ ಮೂರು ಎಳೆ ಬಿಡಿಸುತ್ತಾರೆ. ಒಂದು ಯೋಚನೆ: ಜನ ಸ್ವಾರ್ಥಿಗಳು, ಸಮಯ ಸಿಕ್ಕರೆ ನನಗೆ ಕೈ ಕೊಡುತ್ತಾರೆ ಅನ್ನುವ ನಂಬಿಕೆ. ಇನ್ನೊಂದು ಭಾವನೆ: ಸಿಡುಕು, ಅಸಹ್ಯ, ಕೋಪ. ಮತ್ತೊಂದು ನಡವಳಿಕೆ: ಕೊಂಕು ಮಾತು, ಕುಟುಕುವುದು, ಜಗಳ. ನಿಮ್ಮಲ್ಲಿ ಮೂರನೆಯದು ಕಡಿಮೆ, ಮೊದಲನೆಯದು ಜೋರು ಅಂತ ನೀವು ಬರೆದದ್ದರಿಂದ ಅನಿಸುತ್ತದೆ. ಹೊರಗಿನವರಿಗೆ ಅದು ಕಾಣುವುದಿಲ್ಲ. ಹೆಂಡತಿಗೆ ಕಾಣುತ್ತದೆ.

ಇನ್ನು ರಕ್ತನಾಳಕ್ಕೆ ಹೋಗುವುದು ಹೇಗೆ ಅಂತ. ಎದುರಿಗಿರುವವನು ಶತ್ರು ಅಂತ ಮನಸ್ಸು ತೀರ್ಮಾನ ಮಾಡಿದರೆ ದೇಹ ಜಗಳಕ್ಕೆ ಸಿದ್ಧ ಆಗುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳು ಏರುತ್ತವೆ. ನಾಡಿ ಜೋರಾಗುತ್ತದೆ, ಸಣ್ಣ ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಹೆಚ್ಚು ಅಂಟಂಟಾಗುತ್ತವೆ. ನಿಜವಾಗಿ ಗಾಯ ಆಗುವ ಜಗಳಕ್ಕೆ ಇದೆಲ್ಲ ಬೇಕು. ಕುರ್ಚಿಯಲ್ಲಿ ಕೂತು ಮೆಸೇಜ್ ಓದುವವನಿಗೆ ಬೇಡ. ಆದರೆ ದೇಹಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ. ನಿಮಗೆ ಬೀಟಾ ಬ್ಲಾಕರ್ ಮಾತ್ರೆ ಕೊಟ್ಟಿದ್ದರೆ ನಾಡಿ ಅಷ್ಟಾಗಿ ಏರಿರುವುದಿಲ್ಲ, ಆದರೂ ಬಿಪಿ ಏರಬಹುದು.

ನಿಮ್ಮ 'ನೆನಪಿರಲಿ' ಓದಿದ ಕೂಡಲೇ ನನಗೆ ಒಂದು ಅಧ್ಯಯನ ನೆನಪಿಗೆ ಬಂತು. 2024ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಪ್ರಕಟಿಸಿದ್ದು. ಹೃದ್ರೋಗ ಇಲ್ಲದ 280 ಜನರನ್ನು ಗುಂಪು ಮಾಡಿದರು. ಒಂದು ಗುಂಪಿನವರು ತಮಗೆ ಕೋಪ ಬರಿಸಿದ ಹಳೇ ಘಟನೆಯನ್ನು 8 ನಿಮಿಷ ನೆನೆಸಿಕೊಳ್ಳಬೇಕು. ಬೇರೆ ಗುಂಪುಗಳಿಗೆ ಆತಂಕ, ದುಃಖ, ಇನ್ನೊಂದಕ್ಕೆ ಸುಮ್ನೆ ಎಣಿಸುತ್ತಾ ಕೂರುವುದು. ಆಮೇಲೆ ರಕ್ತನಾಳ ಎಷ್ಟು ಚೆನ್ನಾಗಿ ಹಿಗ್ಗುತ್ತದೆ ಅಂತ ಅಳೆದರು. ಕೋಪದ ಗುಂಪಿನಲ್ಲಿ ಹಿಗ್ಗುವ ಶಕ್ತಿ ಕುಗ್ಗಿತ್ತು, 40 ನಿಮಿಷದವರೆಗೂ ಅದು ಕಾಣಿಸಿತು. ಗಮನಿಸಿ ಸರ್, ಅವರನ್ನು ಯಾರೂ ಬೈದಿರಲಿಲ್ಲ. ಹಳೆಯದನ್ನು ನೆನೆಸಿಕೊಂಡರು, ಅಷ್ಟೇ. 8 ನಿಮಿಷಕ್ಕೆ 40 ನಿಮಿಷ. ಹಾಗಾದರೆ 214 ಸಾಲು ಇಟ್ಟುಕೊಂಡು ಆಗಾಗ ತೆಗೆದು ಓದುವವರ ರಕ್ತನಾಳದ ಒಳಪದರಕ್ಕೆ ಬಿಡುವು ಸಿಗುವುದು ಯಾವಾಗ? ಅದನ್ನು ಆ ಅಧ್ಯಯನ ಅಳೆದಿಲ್ಲ, ನನ್ನ ಸ್ವಂತ ಯೋಚನೆ. ಆದರೆ ರೋಗಿಗಳ ಹಾಸಿಗೆ ಪಕ್ಕ ನಿಂತಾಗಲೆಲ್ಲ ನನಗೆ ಹಾಗೇ ಅನಿಸುತ್ತದೆ.

ಒಂದು ಮಾತು ಮರೆಯಬೇಡಿ. ಸಿಟ್ಟು ಬಂದಾಗ ಎದೆ ಹಿಡಿದ ಹಾಗೆ ಆದರೆ, ಎಡಗೈ ಅಥವಾ ದವಡೆ ಕಡೆ ನೋವು ಬಂದರೆ, ಬೆವರು ಬಂದರೆ "ಸಿಟ್ಟಿಗೆ ಹೀಗಾಗಿದೆ, ಇಳಿಯುತ್ತದೆ" ಅಂತ ಕಾಯಬೇಡಿ. ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ದವಡೆ ನೋವಿನ ವಿಷಯ ಬರೆದಿದ್ದೀರಿ, ಅದನ್ನು ನಿಮ್ಮ ಡಾಕ್ಟರಿಗೂ ಹೇಳಿ. ಹಲ್ಲು ಕಚ್ಚಿದ್ದರಿಂದಲೇ ಬಂದದ್ದು ಇರಬಹುದು, ಆದರೆ ನಿರ್ಧಾರ ಅವರದಾಗಲಿ.

ಅಂಕಿಸಂಖ್ಯೆ:

ಸಿಸ್ಟರ್ ದೇಹದ ಕಡೆಯಿಂದ ಹೇಳಿದರು, ನಾನು ಸಂಶೋಧನೆ ಕಡೆಯಿಂದ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಈ ವಿಷಯವನ್ನು ಅರ್ಧ ಹೇಳಿದರೆ ಜನ ಹೆದರುತ್ತಾರೆ, ಇಲ್ಲವೇ ನಗುತ್ತಾರೆ. ಎರಡೂ ಬೇಡ.

ಇದು ಹಳೇ ಸಂಶಯ. 18ನೇ ಶತಮಾನದಲ್ಲಿ ಲಂಡನ್ನಿನಲ್ಲಿ ಜಾನ್ ಹಂಟರ್ ಅನ್ನುವ ದೊಡ್ಡ ಸರ್ಜನ್ ಇದ್ದರು. ಅವರಿಗೆ ಎದೆನೋವಿನ ಕಾಯಿಲೆ ಇತ್ತು. ನನ್ನನ್ನು ಕೆಣಕಲು ಹೊರಟ ಯಾವ ಪುಂಡನ ಕೈಯಲ್ಲಾದರೂ ನನ್ನ ಪ್ರಾಣ ಇದೆ ಅಂತ ಹೇಳುತ್ತಿದ್ದರಂತೆ. 1793ರ ಅಕ್ಟೋಬರಿನಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ವಾಗ್ವಾದ ನಡೆದಾಗ ಎದ್ದು ಹೊರಬಂದರು, ಅಲ್ಲೇ ಕುಸಿದು ತೀರಿಕೊಂಡರು.

ಲೆಕ್ಕ ಹಾಕಿ ನೋಡುವುದು ಶುರುವಾಗಿದ್ದು 1950ರ ದಶಕದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಹೃದಯ ವೈದ್ಯರು ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್. ಅವರ ಕ್ಲಿನಿಕ್ಕಿನ ಕುರ್ಚಿಗಳಿಗೆ ಬಟ್ಟೆ ಹೊದಿಸಲು ಬಂದವನು ಒಂದು ವಿಚಿತ್ರ ಗಮನಿಸಿದ. ಕುರ್ಚಿಗಳ ಮುಂದಿನ ಅಂಚು ಮಾತ್ರ ಸವೆದಿತ್ತು. ರೋಗಿಗಳು ಒರಗಿ ಕೂರುತ್ತಲೇ ಇರಲಿಲ್ಲ, ತುದಿಯಲ್ಲಿ ಕೂತು ಚಡಪಡಿಸುತ್ತಿದ್ದರು. ಅವಸರ, ಪೈಪೋಟಿ, ಹಗೆ ಇವನ್ನೆಲ್ಲ ಸೇರಿಸಿ ಈ ವೈದ್ಯರು ಟೈಪ್ ಎ ಅಂತ ಹೆಸರಿಟ್ಟರು. ಕ್ಯಾಲಿಫೋರ್ನಿಯಾದಲ್ಲಿ 39ರಿಂದ 59 ವರ್ಷದ 3154 ಗಂಡಸರನ್ನು ಎಂಟೂವರೆ ವರ್ಷ ಗಮನಿಸಿದಾಗ ಟೈಪ್ ಎ ಜನರಿಗೆ ಹೃದ್ರೋಗ ಸುಮಾರು ಎರಡು ಪಟ್ಟು ಬಂದಿತ್ತು.

ಆಮೇಲೆ ಕಥೆ ತಿರುಗಿತು. ಬೇರೆ ದೊಡ್ಡ ಅಧ್ಯಯನಗಳಲ್ಲಿ ಆ ಸಂಬಂಧ ಸಿಗಲಿಲ್ಲ. 1988ರಲ್ಲಿ ಅದೇ ಕ್ಯಾಲಿಫೋರ್ನಿಯಾ ಗುಂಪನ್ನು ಮತ್ತೆ ನೋಡಿದಾಗ, ಹೃದ್ರೋಗ ಬಂದು ಬದುಕಿ ಉಳಿದವರಲ್ಲಿ ಟೈಪ್ ಎ ಜನರೇ ಜಾಸ್ತಿ ಕಾಲ ಬಾಳಿದ್ದರು. ಹಾಗಾದರೆ ಆ ಕಂತೆಯೊಳಗೆ ಕೆಟ್ಟದ್ದು ಯಾವುದು ಅನ್ನುವ ಪ್ರಶ್ನೆ ಬಂತು. ಅವಸರದ ಮೇಲಿದ್ದ ಅನುಮಾನ ನಿಧಾನವಾಗಿ ಹಗೆತನದ ಮೇಲೆ ಹೋಯಿತು. 1954ರಲ್ಲಿ ಕುಕ್ ಮತ್ತು ಮೆಡ್ಲಿ ಅನ್ನುವವರು 50 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದರು. ಅದು ಶಿಕ್ಷಕರು ಮಕ್ಕಳ ಜೊತೆ ಹೊಂದಿಕೊಳ್ಳುತ್ತಾರಾ ಅಂತ ನೋಡಲು ಮಾಡಿದ ಪಟ್ಟಿ, ಹೃದಯಕ್ಕೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ. ಅದರಲ್ಲಿರುವುದು ಬಹುಪಾಲು ಅಪನಂಬಿಕೆಯ ಪ್ರಶ್ನೆಗಳು. ವೈದ್ಯಕೀಯ ಓದುವಾಗ ಅದಕ್ಕೆ ಉತ್ತರ ಬರೆದಿದ್ದ 255 ಡಾಕ್ಟರುಗಳನ್ನು 25 ವರ್ಷದ ನಂತರ ಹುಡುಕಿದರು. ಅಂಕ ಜಾಸ್ತಿ ಇದ್ದವರಲ್ಲಿ ಹೃದ್ರೋಗ ನಾಲ್ಕೈದು ಪಟ್ಟು ಹೆಚ್ಚಿತ್ತು. 1983ರಲ್ಲಿ ಪ್ರಕಟವಾಯಿತು, ದೊಡ್ಡ ಸುದ್ದಿ ಆಯಿತು. ಆದರೆ ಅದೇ ಪಟ್ಟಿ ಹಿಡಿದು ಮಾಡಿದ ಬೇರೆ ಕೆಲವು ಅಧ್ಯಯನಗಳಲ್ಲಿ ಏನೂ ಸಿಗಲಿಲ್ಲ. ಇಷ್ಟು ಸಣ್ಣ ಗುಂಪುಗಳಲ್ಲಿ ಹೀಗೆ ಆಗುವುದು ಸಹಜ.

ಹಾಗಾಗಿ ಎಲ್ಲವನ್ನೂ ಕೂಡಿಸಿ ನೋಡಿದ್ದನ್ನು ನಂಬುವುದು ಮೇಲು. 2009ರಲ್ಲಿ ಲಂಡನ್ನಿನ ಚಿಡಾ ಮತ್ತು ಸ್ಟೆಪ್ಟೋ ಈ ಕೆಲಸ ಮಾಡಿದರು. ಆರೋಗ್ಯವಾಗಿದ್ದವರಲ್ಲಿ ಕೋಪ, ಹಗೆತನ ಜಾಸ್ತಿ ಇದ್ದರೆ ಹೃದ್ರೋಗದ ಅಪಾಯ ಶೇ. 19 ಹೆಚ್ಚು. ಆಗಲೇ ಹೃದ್ರೋಗ ಇದ್ದವರಲ್ಲಿ ಮುಂದಿನ ತೊಂದರೆ ಶೇ. 24 ಹೆಚ್ಚು. ಶೇ. 19 ಅಂದರೆ ಏನು? ಒಂದು ಊಹೆ ಮಾಡಿಕೊಳ್ಳಿ. ಸಾವಿರ ಜನರಲ್ಲಿ ಹತ್ತು ವರ್ಷಕ್ಕೆ 50 ಜನರಿಗೆ ಹೃದ್ರೋಗ ಬರುತ್ತದೆ ಅಂತಿಟ್ಟುಕೊಂಡರೆ, ಹಗೆತನ ಜಾಸ್ತಿ ಇರುವ ಸಾವಿರ ಜನರಲ್ಲಿ ಅದು ಸುಮಾರು 60 ಆಗುತ್ತದೆ. ಸಿಗರೇಟಿನಷ್ಟು ದೊಡ್ಡದಲ್ಲ. ಸೊನ್ನೆಯೂ ಅಲ್ಲ.

ಇನ್ನೊಂದು ವಿಷಯ ಅದೇ ವರದಿಯಲ್ಲಿದೆ. ಸಿಗರೇಟು, ವ್ಯಾಯಾಮ ಇಂಥದ್ದನ್ನು ಪೂರ್ತಿ ಲೆಕ್ಕದಿಂದ ಕಳೆದರೆ ಆ ಸಂಬಂಧ ಸ್ಪಷ್ಟವಾಗಿ ಉಳಿಯುವುದಿಲ್ಲ. ಅಂದರೆ ಹಗೆತನ ಬಹುಪಾಲು ನಮ್ಮ ಅಭ್ಯಾಸಗಳ ಮೂಲಕವೇ ಕೆಲಸ ಮಾಡುತ್ತಿರಬಹುದು.

ನೇರಮಾತು:

ನಮ್ಮ ತಾತ ಊರೆಲ್ಲ ಬೈದುಕೊಂಡು 88 ವರ್ಷ ಬಾಳಿದರು. ಮಾತ್ರೆ ತೆಗೆದುಕೊಳ್ಳಿ, ನಡೆಯಿರಿ, ಸಾಕು. ರೋಗ ಬಂದವನಿಗೆ "ನಿನ್ನ ಸ್ವಭಾವವೇ ಸರಿ ಇಲ್ಲ, ಅದಕ್ಕೇ ಬಂತು" ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಗಾಯದ ಮೇಲೆ ಬರೆ ಎಳೆದ ಹಾಗೆ.

ಅಂಕಿಸಂಖ್ಯೆ:

ನಿಮ್ಮ ಎರಡನೇ ಮಾತು ನೂರಕ್ಕೆ ನೂರು ಸರಿ. ಒಬ್ಬ ವ್ಯಕ್ತಿಗೆ ಹಾರ್ಟ್ ಅಟ್ಯಾಕ್ ಆದಾಗ ಅದು ಅವನ ಸ್ವಭಾವದಿಂದಲೇ ಆಯಿತು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಈ ದೂರನ್ನು ದುರುಪಯೋಗ ಮಾಡಿಕೊಂಡವರೂ ಇದ್ದಾರೆ. ಟೈಪ್ ಎ ಸಂಶೋಧನೆಗೆ ಸಿಗರೇಟು ಕಂಪನಿಗಳು ಹಣ ಕೊಟ್ಟಿದ್ದವು. ತಪ್ಪು ಸ್ವಭಾವದ ಮೇಲೆ ಹೋದಷ್ಟೂ ಸಿಗರೇಟಿನ ಮೇಲಿನ ದೂರು ಹಗುರ ಆಗುತ್ತದೆ ಅಲ್ವಾ? ಆದರೆ ಕೇಳಿದವರ ಎಲ್‌ಡಿಎಲ್ 148 ಇತ್ತು, ಬಿಪಿ ಗಡಿಯಲ್ಲಿತ್ತು. ಅವೇ ಮುಖ್ಯ ಆರೋಪಿಗಳು. ಸ್ವಭಾವ ಅವಕ್ಕೆ ಕೈ ಜೋಡಿಸಿರಬಹುದು. ತಾತನ ವಿಷಯ, ಸಿಗರೇಟು ಸೇದಿ 90 ಬಾಳಿದವರೂ ಇದ್ದಾರೆ.

ಸಂಜೆಮಲ್ಲಿಗೆ:

ನಾನು ಇಲ್ಲಿ ಓದುತ್ತೇನೆ, ಬರೆಯುವುದು ಕಡಿಮೆ. ಇವತ್ತು ಬರೆಯಲೇಬೇಕು ಅನಿಸಿತು.

ನಮ್ಮ ಯಜಮಾನರೂ ನಿಮ್ಮ ಥರವೇ ಇದ್ದರು ಸರ್. ಕೆಟ್ಟವರಲ್ಲ. ಮಕ್ಕಳೆಂದರೆ ಪ್ರಾಣ. ಆದರೆ ಯಾರನ್ನೂ ನಂಬುತ್ತಿರಲಿಲ್ಲ. ಯಾರಾದರೂ ಒಳ್ಳೆ ಮಾತಾಡಿದರೆ "ಇದರ ಹಿಂದೆ ಏನೋ ಇದೆ" ಅನ್ನುತ್ತಿದ್ದರು. ಅವರಿಗೆ ಎರಡು ಸ್ಟೆಂಟ್ ಹಾಕಿದ್ದರು. ರಕ್ತ ಹೆಪ್ಪುಗಟ್ಟದ ಹಾಗೆ ಎರಡು ಮಾತ್ರೆ, ಒಂದು ವರ್ಷ ಬಿಡಲೇಬಾರದು ಅಂತ ಹೇಳಿ ಕಳಿಸಿದ್ದರು. ನಾನು ಬೆಳಗ್ಗೆ ಎದ್ದು ಮಾತ್ರೆ, ನೀರು ಟೇಬಲ್ ಮೇಲೆ ಇಡುತ್ತಿದ್ದೆ. ಲೋಟ ಖಾಲಿ ಆಗುತ್ತಿತ್ತು. ಮಾತ್ರೆಯೂ ಇರುತ್ತಿರಲಿಲ್ಲ.

ಆರನೇ ತಿಂಗಳಲ್ಲಿ ಒಂದು ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತರು. ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಮಾತ್ರೆ ಬಿಟ್ಟಿದ್ದರಾ ಅಂತ ಕೇಳಿದರು. ಇಲ್ಲ, ನಾನೇ ಕೊಡುತ್ತಿದ್ದೆ ಅಂತ ಗಟ್ಟಿಯಾಗಿ ಹೇಳಿದೆ. ಮೂರು ದಿನ ಆದ ಮೇಲೆ ಆಸ್ಪತ್ರೆಗೆ ತೆಗೆದುಕೊಂಡು ಹೋಗಲು ಅವರ ಶೇವಿಂಗ್ ಡಬ್ಬಿ ತೆಗೆದೆ. ಬ್ರಷ್ಷಿನ ಕೆಳಗೆ ಕಾಗದದಲ್ಲಿ ಸುತ್ತಿ ಇಟ್ಟಿದ್ದರು. ನಲವತ್ತೊಂದು ಮಾತ್ರೆ. ಎಸೆಯಲು ಮನಸ್ಸು ಬಂದಿರಲಿಲ್ಲ, ದುಡ್ಡು ಕೊಟ್ಟು ತಂದದ್ದು ಅಲ್ವಾ. ಕೇಳಿದ್ದಕ್ಕೆ, "ಕಂಪನಿಯವರು, ಡಾಕ್ಟರು ಸೇರಿ ಮಾಡೋ ವ್ಯಾಪಾರ ಇದು. ನನಗೆ ಗೊತ್ತಾಗಲ್ಲ ಅಂದುಕೊಂಡಿದ್ದಾರೆ" ಅಂದರು.

ಆಮೇಲೆ ಮೂರು ವರ್ಷ ಇದ್ದರು. ಹೃದಯದ ಪಂಪಿಂಗ್ ತುಂಬಾ ಕಡಿಮೆ ಆಗಿತ್ತು. ಕೊನೆ ವರ್ಷ ಫೋನು ಬರುತ್ತಿದ್ದುದು ಮಕ್ಕಳಿಂದ ಮಾತ್ರ. ಬೇರೆಯವರು ಒಬ್ಬೊಬ್ಬರಾಗಿ ಬಿಟ್ಟಿದ್ದರು. ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಇವತ್ತಿಗೂ ಅವರ ಮೇಲೆ ನನಗೆ ಪ್ರೀತಿ ಇದೆ. ನೀವು ಬರೆದದ್ದರಲ್ಲಿ ನಿಮ್ಮ ಹೆಂಡತಿ ಕಿಟಕಿ ಕಡೆ ನೋಡಿದರು ಅಂತ ಓದಿದಾಗ ನನಗೆ ತಡೆಯಲಾಗಲಿಲ್ಲ. ನಾನೂ ಹಾಗೇ ನೋಡುತ್ತಿದ್ದೆ.

ಲೆಕ್ಕದಮನುಷ್ಯ:

ಅಮ್ಮಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಏನು ಹೇಳಬೇಕೋ ತಿಳಿಯುತ್ತಿಲ್ಲ.

ಒಂದು ವಿಷಯ ನಾನು ಮೇಲೆ ಬರೆದಿರಲಿಲ್ಲ. ಕೊಲೆಸ್ಟ್ರಾಲ್ ಮಾತ್ರೆಯನ್ನು ಒಂದು ತಿಂಗಳಿಂದ ಅರ್ಧ ಮಾಡಿ ತೆಗೆದುಕೊಳ್ಳುತ್ತಿದ್ದೇನೆ. ಯಾರಿಗೂ ಹೇಳಿಲ್ಲ. ಇಷ್ಟು ಡೋಸ್ ಯಾಕೆ ಬರೆದರು, ಇದರಲ್ಲಿ ಅವರಿಗೇನೋ ಲಾಭ ಇರಬೇಕು ಅಂತ ನನ್ನ ಲೆಕ್ಕ. ಸ್ಟೆಂಟ್ ಮಾತ್ರೆಗಳನ್ನು ಮುಟ್ಟಿಲ್ಲ, ಪೂರ್ತಿ ತೆಗೆದುಕೊಳ್ಳುತ್ತಿದ್ದೇನೆ. ಆದರೆ ಅದರ ಬಗ್ಗೆಯೂ ಹೋದ ವಾರ ಇಂಟರ್ನೆಟ್‌ನಲ್ಲಿ ಹುಡುಕುತ್ತಿದ್ದೆ. ಅದು ನಿಜ.

ಡಾಕ್ಟರ ಹೆಸರೂ ನನ್ನ ನೋಟ್‌ನಲ್ಲಿದೆ. ಸಾಲು 213. "ನಾಲ್ಕೇ ನಿಮಿಷ ನೋಡಿದರು."

ವಾರ್ಡ್‌ಸಿಸ್ಟರ್:

ಸರ್, ನಾಳೆ ಬೆಳಗ್ಗೆ ಫೋನ್ ಮಾಡಿ ಡಾಕ್ಟರಿಗೆ ಇದನ್ನು ಹೇಳಿ. ಮುಂದಿನ ಭೇಟಿವರೆಗೆ ಕಾಯಬೇಡಿ. ಹಾರ್ಟ್ ಅಟ್ಯಾಕ್ ಆದ ಮೇಲೆ ಸ್ಟ್ಯಾಟಿನ್, ಅಂದರೆ ಕೊಲೆಸ್ಟ್ರಾಲ್ ಮಾತ್ರೆಯನ್ನು ಹೆಚ್ಚಿನ ಡೋಸ್‌ನಲ್ಲಿ ಕೊಡುವುದು ಎಲ್ಲ ಕಡೆ ಇರುವ ಪದ್ಧತಿ. ಅದು ಎಲ್‌ಡಿಎಲ್ ಇಳಿಸುವುದರ ಜೊತೆಗೆ ರಕ್ತನಾಳದೊಳಗಿನ ಕೊಬ್ಬಿನ ಗಡ್ಡೆ ಒಡೆಯದ ಹಾಗೆ ಗಟ್ಟಿ ಮಾಡುತ್ತದೆ. ಸ್ಟೆಂಟ್ ಮಾತ್ರೆಗಳನ್ನಂತೂ ಯಾವ ಕಾರಣಕ್ಕೂ ನೀವಾಗಿ ಬಿಡಬೇಡಿ. ಸಂಜೆಮಲ್ಲಿಗೆ ಅವರು ಬರೆದದ್ದನ್ನು ನಾನೂ ಕಣ್ಣಾರೆ ಕಂಡಿದ್ದೇನೆ, ಒಂದು ಸಲ ಅಲ್ಲ.

ನಾಲ್ಕು ನಿಮಿಷ ನೋಡಿದರು ಅನ್ನುವುದು ನಿಮ್ಮ ತಪ್ಪು ಕಲ್ಪನೆ ಇರಲಾರದು. ನಮ್ಮಲ್ಲಿ ಸಮಯ ಕಡಿಮೆ ಕೊಡುತ್ತೇವೆ, ನಿಜ. ಜಾಸ್ತಿ ಸಮಯ ಬೇಕು ಅಂತ ಕೇಳಿ. ಪ್ರಶ್ನೆ ಬರೆದುಕೊಂಡು ಹೋಗಿ. ಮಾತ್ರೆ ಯಾಕೆ ಅಂತ ನೇರ ಕೇಳಿ. ಅನುಮಾನ ಬಾಯಿಂದ ಹೊರಗೆ ಬಂದರೆ ಅದು ಪ್ರಶ್ನೆ. ಪ್ರಶ್ನೆಗೆ ನಾವು ಉತ್ತರ ಕೊಡಬಹುದು. ಶೇವಿಂಗ್ ಡಬ್ಬಿಯಲ್ಲಿ ಇದ್ದರೆ ಏನು ಮಾಡಲಿ ಹೇಳಿ?

ಅಂಕಿಸಂಖ್ಯೆ:

ನಿಮ್ಮ ಮೂರನೇ ಪ್ರಶ್ನೆ ಉಳಿದಿದೆ, 51ಕ್ಕೆ ಬದಲಾಗುತ್ತದಾ ಅಂತ. ಎರಡು ಪ್ರಯೋಗಗಳನ್ನು ಹೇಳುತ್ತೇನೆ. 1986ರಲ್ಲಿ ಫ್ರೀಡ್‌ಮನ್ ತಂಡದವರೇ ಪ್ರಕಟಿಸಿದ್ದು ಒಂದು. ಹಾರ್ಟ್ ಅಟ್ಯಾಕ್ ಆದ 862 ಜನರನ್ನು ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಎರಡಕ್ಕೂ ಹೃದಯದ ಬಗ್ಗೆ ತಿಳಿವಳಿಕೆ ಕೊಟ್ಟರು. ಒಂದಕ್ಕೆ ಮಾತ್ರ ಜೊತೆಗೆ ಅವಸರ, ಹಗೆ ಇಳಿಸುವ ಕೌನ್ಸೆಲಿಂಗ್. ನಾಲ್ಕೂವರೆ ವರ್ಷದಲ್ಲಿ ಮತ್ತೆ ಅಟ್ಯಾಕ್ ಆದದ್ದು ಬರೀ ತಿಳಿವಳಿಕೆ ಪಡೆದವರಲ್ಲಿ ಶೇ. 21.2, ಕೌನ್ಸೆಲಿಂಗ್ ಪಡೆದವರಲ್ಲಿ ಶೇ. 12.9.

ಇನ್ನೊಂದು ಸ್ವೀಡನ್ನಿನ ಉಪ್ಸಾಲಾದ್ದು, 2011. 362 ಹೃದ್ರೋಗಿಗಳು. ಮಾಮೂಲಿ ಚಿಕಿತ್ಸೆ ಎಲ್ಲರಿಗೂ ಇತ್ತು. ಅರ್ಧದಷ್ಟು ಜನ ಅದರ ಜೊತೆಗೆ ಒಂದು ವರ್ಷದಲ್ಲಿ 20 ಸಲ, ಸಲಕ್ಕೆ ಎರಡು ಗಂಟೆ ಸಣ್ಣ ಗುಂಪಿನಲ್ಲಿ ಕೂತು ಕಲಿತರು. ಯೋಚನೆಯ ದಾರಿ ಬದಲಿಸುವುದನ್ನು ಅಭ್ಯಾಸ ಮಾಡಿಸುವ ಚಿಕಿತ್ಸೆ ಅದು. ಸುಮಾರು ಎಂಟು ವರ್ಷದ ಲೆಕ್ಕದಲ್ಲಿ ಅವರಿಗೆ ಹೃದಯ ಮತ್ತು ರಕ್ತನಾಳದ ಹೊಸ ತೊಂದರೆ ಶೇ. 41 ಕಡಿಮೆ ಆಗಿತ್ತು. ಜಾಸ್ತಿ ಸಲ ಬಂದವರಿಗೆ ಜಾಸ್ತಿ ಲಾಭ. ಅಲ್ಲಿ ಬಂದವರು ಯಾರೂ ಹುಡುಗರಲ್ಲ, ನಿಮ್ಮ ವಯಸ್ಸಿನವರು, ನಿಮಗಿಂತ ದೊಡ್ಡವರು.

ಇವೂ ಬೆಟ್ಟದಂಥ ಸಾಕ್ಷಿ ಏನಲ್ಲ. ಆದರೆ ನನ್ನ ಮನೆಯವರಿಗೆ ಹೀಗಾಗಿದ್ದರೆ ನಾನು ಕರೆದುಕೊಂಡು ಹೋಗುತ್ತಿದ್ದೆ.

ಲೆಕ್ಕದಮನುಷ್ಯ (ಆರು ವಾರಗಳ ನಂತರ):

ಎಲ್ಲರೂ ಇಷ್ಟು ಬರೆದಿದ್ದೀರಿ. ಏನಾಯಿತು ಅಂತ ಹೇಳುವುದು ನನ್ನ ಕರ್ತವ್ಯ.

ಮರುದಿನವೇ ಡಾಕ್ಟರಿಗೆ ಫೋನ್ ಮಾಡಿ ಅರ್ಧ ಮಾತ್ರೆಯ ವಿಷಯ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು "ಹೇಳಿದ್ದು ಒಳ್ಳೇದಾಯ್ತು" ಅಂದರು. ಕರೆಸಿ ಇಪ್ಪತ್ತು ನಿಮಿಷ ಮಾತಾಡಿದರು. ದವಡೆ ನೋವಿಗೆ ಇಸಿಜಿ ಮಾಡಿದರು, ತೊಂದರೆ ಇಲ್ಲ. ಪೂರ್ತಿ ಡೋಸ್ ಶುರು ಮಾಡಿದ್ದೇನೆ. ಮೊನ್ನೆಯ ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ 64.

ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಹೋಗುತ್ತಿದ್ದೇನೆ. ಐದು ಸಲ ಆಯಿತು. ನೋಟ್ ಅಳಿಸಿ ಅಂತ ಅವರು ಹೇಳಲಿಲ್ಲ. ಪ್ರತಿ ಸಾಲಿನ ಮುಂದೆ ಎರಡು ಕಾಲಂ ಮಾಡಿ ಅಂದರು. ಒಂದು 'ನಡೆದದ್ದು', ಇನ್ನೊಂದು 'ನಾನು ಸೇರಿಸಿದ್ದು'. ಆಡಿಟ್ ಮಾಡುವವನಿಗೆ ಇದು ಪರಿಚಯದ ಕೆಲಸ. ದಾಖಲೆ ಯಾವುದು, ಊಹೆ ಯಾವುದು.

ಕಾರು ನಿಲ್ಲಿಸಿದವರ ಸಾಲು ತೆಗೆದೆ. "ಬೇಕೂಂತಲೇ ನನ್ನ ಜಾಗದಲ್ಲಿ, ಮೂರನೇ ಸಲ" ಅಂತ ಬರೆದಿದ್ದೆ. ಎರಡು ಸಾಲು ಮೇಲೆ ನಾನೇ ಬರೆದಿದ್ದೇನೆ, ಅವರು ಮನೆಗೆ ಬಂದು ಹತ್ತು ದಿನ ಆಗಿದೆ ಅಂತ. ಜಾಗ ಯಾರದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. 'ಬೇಕೂಂತಲೇ' ಎರಡನೇ ಕಾಲಂಗೆ ಹೋಯಿತು. ಹೀಗೆ 214ರಲ್ಲಿ 70 ಸಾಲು ನೋಡಿ ಆಯಿತು. 52ರಲ್ಲಿ ಮುಖ್ಯವಾದ ಪದ ನಾನು ಸೇರಿಸಿದ್ದೇ. ಉಳಿದ 18ರಲ್ಲಿ ನಿಜವಾಗಿ ಅನ್ಯಾಯ ಆಗಿದೆ. ಮೀಟಿಂಗಿನಲ್ಲಿ ನನ್ನ ಕೆಲಸವನ್ನು ತನ್ನದು ಅಂತ ಹೇಳಿಕೊಂಡವನ ಸಾಲು ಅದರಲ್ಲಿದೆ. ಅದನ್ನು ಹಾಗೇ ಇಟ್ಟಿದ್ದೇನೆ. ಅದನ್ನೂ ಬಿಟ್ಟುಬಿಡಿ ಅಂತ ಅವರು ಒತ್ತಾಯ ಮಾಡಲಿಲ್ಲ, ನನಗೆ ಅದು ಸಮಾಧಾನ ತಂದಿತು.

ನೇರಮಾತು ಅವರೇ, ನೀವು ಹೇಳಿದ್ದರ ಬಗ್ಗೆಯೂ ಯೋಚಿಸಿದೆ. ಸ್ವಭಾವದಿಂದಲೇ ರೋಗ ಬಂತು ಅಂತ ನಾನು ಈಗ ಹೇಳುವುದಿಲ್ಲ. ಆದರೆ ಮಾತ್ರೆ ಅರ್ಧ ಮಾಡಿದ ಕೈ ನನ್ನದೇ. ಅದಕ್ಕೆ ಕಾರಣ ಸಾಲು 213.

ಸಾಲು ಒಂದಕ್ಕೆ ಇನ್ನೂ ಬಂದಿಲ್ಲ, ಅಂದರೆ ಅಣ್ಣನದು. ಕೆಳಗಿನಿಂದ ಮೇಲೆ ಹೋಗುತ್ತಿದ್ದೇನೆ. ಹೋದ ಭಾನುವಾರ ಅವನು ಫೋನ್ ಮಾಡಿದ. ತೆಗೆದೆ. ಅವನಿಗೂ ಬಿಪಿ ಬಂದಿದೆಯಂತೆ. ಯಾವ ಮೆಷಿನ್ ತೆಗೆದುಕೊಳ್ಳಲಿ ಅಂತ ಕೇಳಿದ. ಮಣಿಕಟ್ಟಿನದು ಬೇಡ, ತೋಳಿಗೆ ಕಟ್ಟುವುದನ್ನೇ ತೆಗೆದುಕೋ ಅಂದೆ. ಪಟ್ಟಿಯ ಅಳತೆ ನೋಡಬೇಕಲ್ಲ, ಅದಕ್ಕೆ ತೋಳಿನ ಸುತ್ತಳತೆ ಅಳೆದು ಹೇಳು ಅಂದೆ. ಅತ್ತಿಗೆ ಟೇಪ್ ಹುಡುಕುವವರೆಗೂ ಅವನು ಲೈನಿನಲ್ಲೇ ಇದ್ದ, ನಾನೂ ಇದ್ದೆ. 31 ಸೆಂಟಿಮೀಟರ್.